ರಜಪೂತ್ ವರ್ಗದ ಡೆಸ್ಟ್ರಾಯರ್‌ಗಳು: ಬಿಡಿಭಾಗ, ದುರಸ್ತಿ, ಸೇವೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತೀಯ ನೌಕಾಪಡೆಯ ರಜಪೂತ್ ವರ್ಗದ ಹಡಗುಗಳ ಬಗ್ಗೆ ಮಾತು ಸಾಮಾನ್ಯವಾಗಿ ಕ್ಷಿಪಣಿಯಿಂದ ಶುರುವಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಕಟ್ಟಿದ ದೇಶವೇ ಇಲ್ಲವಾದ ಮೇಲೂ ಇವನ್ನು ಇಷ್ಟು ವರ್ಷ ಓಡಿಸಿದ್ದು ಹೇಗೆ? ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಈ ಪ್ರಶ್ನೆಯೇ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಸುಲಭದವು ಮೊದಲು, ಗಟ್ಟಿಯಾದವು ಆಮೇಲೆ.

## ಮೊದಲ ಪರಿಚಯ

ರಜಪೂತ್ ಕ್ಲಾಸ್ ಅಂದ್ರೆ ಯಾವ್ಯಾವ ಹಡಗುಗಳು?

ಒಂದೇ ಜಾತಿಯ ಐದು ಡೆಸ್ಟ್ರಾಯರುಗಳು, ಅಂದರೆ ವೇಗದ ಯುದ್ಧನೌಕೆಗಳು: ರಜಪೂತ್, ರಾಣಾ, ರಂಜಿತ್, ರಣವೀರ್, ರಣವಿಜಯ್. ಐದನ್ನೂ ಕಟ್ಟಿದ್ದು ಆಗಿನ ಸೋವಿಯತ್ ಒಕ್ಕೂಟದ ನಿಕೊಲಾಯೆವ್ ಊರಿನ ‘61 ಕಮ್ಯುನಾರ್ಡ್ಸ್’ ಹಡಗು ಕಾರ್ಖಾನೆಯಲ್ಲಿ. ಆ ಊರು ಈಗ ಉಕ್ರೇನ್‌ನಲ್ಲಿದೆ, ಮಿಕೊಲಾಯಿವ್ ಅನ್ನುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಜಪೂತ್ 1980ರ ಮೇ 4ರಂದು ಜಾರ್ಜಿಯಾದ ಪೋಟಿ ಬಂದರಿನಲ್ಲಿ ನಮ್ಮ ನೌಕಾಪಡೆಗೆ ಸೇರಿತು. ರಾಣಾ 1982ರಲ್ಲಿ, ರಂಜಿತ್ 1983ರಲ್ಲಿ, ರಣವೀರ್ 1986ರಲ್ಲಿ ಬಂದವು. ರಣವಿಜಯ್ ಸೇರಿದ್ದು 1987ರ ಕೊನೆಯಲ್ಲಿ.

ಇವುಗಳ ಮೂಲ ಸೋವಿಯತ್ ನೌಕಾಪಡೆಯ ‘ಪ್ರಾಜೆಕ್ಟ್ 61’. ಪಶ್ಚಿಮದ ದೇಶಗಳು ಅದಕ್ಕೆ ಕಾಶಿನ್ ಅಂತ ಹೆಸರಿಟ್ಟವು. ಸೋವಿಯತ್ತರು ತಮಗಾಗಿ 20 ಕಟ್ಟಿಕೊಂಡರು. ನಮಗೆ ಕೊಟ್ಟ ಐದರಲ್ಲಿ ವಿನ್ಯಾಸ ಬದಲಿಸಿದರು. ಹಿಂಭಾಗದ 76 ಮಿ.ಮೀ. ತೋಪು ಹೋಯಿತು, ಆ ಜಾಗಕ್ಕೆ ಹೆಲಿಕಾಪ್ಟರ್ ಹ್ಯಾಂಗರ್ ಬಂತು. ನೌಕಾಪಡೆಯವರ ಬಾಯಲ್ಲಿ ಇವಕ್ಕೆ ‘ಎಸ್‌ಎನ್‌ಎಫ್’ ಹಡಗುಗಳು ಅನ್ನುವ ಹೆಸರೂ ಇದೆ.

1971ರಲ್ಲಿ ಘಾಜಿ ಮುಳುಗಿದಾಗ ಹೆಸರು ಬಂತಲ್ಲ, ಆ ರಜಪೂತ್ ಇದೇನಾ?

ಅಲ್ಲ, ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಮುಳುಗಿದಾಗ ಹೆಸರು ಬಂದದ್ದು ಬೇರೆ ಹಡಗಿನದು. ಆ ರಜಪೂತ್ ಮೊದಲು ಬ್ರಿಟನ್ನಿನ ‘ರೋದರಮ್’ ಆಗಿತ್ತು. ಅದೂ ಅದರ ಜೊತೆಗಾರರಾದ ‘ರೈಡರ್’ ಮತ್ತು ‘ರಿಡೌಟ್’ ಕೂಡ 1949ರಲ್ಲಿ ಭಾರತಕ್ಕೆ ಬಂದು ರಜಪೂತ್, ರಾಣಾ, ರಂಜಿತ್ ಆದವು. ಆ ಮೂರೂ ಹೆಸರುಗಳನ್ನು ಮುಂದೆ ಸೋವಿಯತ್ ಹಡಗುಗಳಿಗೆ ಇಟ್ಟರು. ರಣವೀರ್, ರಣವಿಜಯ್ ಮಾತ್ರ ಹೊಸ ಹೆಸರುಗಳು. ಹಳೆಯ ಫೋಟೊ ಗುರುತಿಸುವಾಗ ಈ ಗೊಂದಲ ತುಂಬಾ ಆಗುತ್ತದೆ. ಹಡಗಿನ ಮೇಲೆ ಕ್ಷಿಪಣಿ ಲಾಂಚರ್ ಕಂಡರೆ ಅದು 1980ರ ನಂತರದ್ದು ಅಂತ ಗಟ್ಟಿಯಾಗಿ ಹೇಳಬಹುದು.

ಸೈಜು, ಸ್ಪೀಡು ಎಷ್ಟು?

ಉದ್ದ ಸುಮಾರು 147 ಮೀಟರ್. ತುಂಬಿದಾಗ ತೂಕ ಹತ್ತಿರಹತ್ತಿರ 5,000 ಟನ್. ಗರಿಷ್ಠ ವೇಗ 35 ನಾಟ್, ಅಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್. ಅಧಿಕಾರಿಗಳು, ನಾವಿಕರು ಸೇರಿ ಮುನ್ನೂರಕ್ಕೂ ಹೆಚ್ಚು ಜನ.

ಗ್ಯಾಸ್ ಟರ್ಬೈನ್ ಅಂತಾರಲ್ಲ, ಗ್ಯಾಸ್‌ನಿಂದ ಓಡುತ್ತಾ?

ಇಲ್ಲ. ಉರಿಯುವುದು ಡೀಸೆಲ್ ಜಾತಿಯ ಎಣ್ಣೆ. ಎಂಜಿನ್ ಹೊರಗಿನ ಗಾಳಿಯನ್ನು ಎಳೆದುಕೊಂಡು ಒತ್ತುತ್ತದೆ, ಅದರಲ್ಲಿ ಎಣ್ಣೆ ಉರಿಸುತ್ತದೆ. ಬರುವ ಬಿಸಿ ಅನಿಲ ಟರ್ಬೈನಿನ ಬ್ಲೇಡುಗಳನ್ನು ತಿರುಗಿಸುತ್ತದೆ. ವಿಮಾನದ ಜೆಟ್ ಎಂಜಿನ್ನಿನ ಸಂಬಂಧಿ ಅನ್ನಬಹುದು.

ರಜಪೂತ್ ವರ್ಗದ ಪ್ರತಿ ಹಡಗಿನಲ್ಲೂ ಇಂಥ ನಾಲ್ಕು ಟರ್ಬೈನ್ ಇವೆ. ಎರಡೆರಡು ಸೇರಿ ಒಂದು ಗೇರ್‌ಬಾಕ್ಸ್ ಮೂಲಕ ಒಂದು ಶಾಫ್ಟನ್ನು, ಅಂದರೆ ಪ್ರೊಪೆಲರ್ ಕೂತ ದಂಡವನ್ನು, ತಿರುಗಿಸುತ್ತವೆ. ಒಟ್ಟು ಶಕ್ತಿ 72,000 ಅಶ್ವಶಕ್ತಿ. ಟರ್ಬೈನ್ ಹಿಮ್ಮುಖವಾಗಿ ತಿರುಗುವುದಿಲ್ಲ, ಪ್ರೊಪೆಲರಿನ ರೆಕ್ಕೆಗಳೂ ಸ್ಥಿರ. ಹಾಗಾಗಿ ಹಡಗನ್ನು ಹಿಂದಕ್ಕೆ ಚಲಿಸುವ ಪೂರ್ತಿ ಹೊಣೆ ಗೇರ್‌ಬಾಕ್ಸಿನದು. ಬಿಡಿಭಾಗದ ಲೆಕ್ಕದಲ್ಲಿ ಈ ಗೇರ್‌ಬಾಕ್ಸ್ ಟರ್ಬೈನಿನಷ್ಟೇ ದೊಡ್ಡ ತಲೆನೋವು, ಆದರೆ ಅದರ ಬಗ್ಗೆ ಯಾರೂ ಕೇಳುವುದಿಲ್ಲ.

1962ರಲ್ಲಿ ಸೇವೆಗೆ ಬಂದ ಪ್ರಾಜೆಕ್ಟ್ 61, ಪೂರ್ತಿ ಗ್ಯಾಸ್ ಟರ್ಬೈನ್‌ನಿಂದಲೇ ಓಡುವ ಜಗತ್ತಿನ ಮೊದಲ ದೊಡ್ಡ ಯುದ್ಧನೌಕೆ. ಉಗಿ ಎಂಜಿನ್ ಆದರೆ ಬಾಯ್ಲರ್ ಕಾಯಲು ಗಂಟೆಗಟ್ಟಲೆ ಬೇಕು. ಇವು ನಿಮಿಷಗಳಲ್ಲೇ ಹೊರಡಲು ತಯಾರು. ಟರ್ಬೈನಿನ ಸಿಳ್ಳೆ ಸದ್ದಿನಿಂದಾಗಿ ಸೋವಿಯತ್ ನಾವಿಕರು ಇವನ್ನು ‘ಹಾಡುವ ಫ್ರಿಗೇಟ್’ ಅಂತ ಕರೆಯುತ್ತಿದ್ದರು.

ಈ ಹಡಗುಗಳು ನಿಜವಾಗಿ ಯಾವ ಕಾರ್ಯಾಚರಣೆಯಲ್ಲಿ ಇದ್ದವು?

ರಜಪೂತ್ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಗೆ ನೆರವಾದ ಆಪರೇಷನ್ ಅಮನ್, ಅಲ್ಲಿನ ಕರಾವಳಿ ಗಸ್ತಿನ ಆಪರೇಷನ್ ಪವನ್, 1988ರಲ್ಲಿ ಮಾಲ್ಡೀವ್ಸ್‌ನ ಆಪರೇಷನ್ ಕ್ಯಾಕ್ಟಸ್, ಲಕ್ಷದ್ವೀಪದ ಬಳಿಯ ಆಪರೇಷನ್ ಕ್ರೋಸ್‌ನೆಸ್ಟ್ ಇವುಗಳಲ್ಲಿ ಭಾಗವಹಿಸಿತು. ಕಾರ್ಗಿಲ್ ಸಮಯದ ಆಪರೇಷನ್ ತಲ್ವಾರ್‌ನಲ್ಲಿ ರಂಜಿತ್ ಇತ್ತು. ಭೂಸೇನೆಯ ರೆಜಿಮೆಂಟ್ ಜೊತೆ ನಂಟು ಬೆಸೆದುಕೊಂಡ ನೌಕಾಪಡೆಯ ಮೊದಲ ಹಡಗು ಕೂಡ ರಜಪೂತ್. ಆ ರೆಜಿಮೆಂಟ್ ಯಾವುದು ಅಂತ ಹೇಳಬೇಕಿಲ್ಲ, ಹೆಸರಲ್ಲೇ ಇದೆ.

## ಬಿಡಿಭಾಗದ ಲೋಕ

ಒಂದು ಹಡಗಿಗೆ ಸ್ಪೇರ್ ಅಂದ್ರೆ ಏನೇನು? ಎಲ್ಲಾ ಹಡಗಲ್ಲೇ ಇಟ್ಕೊಂಡು ಹೋಗ್ತಾರಾ?

ಎಲ್ಲವನ್ನೂ ಹೊತ್ತುಕೊಂಡು ಹೋಗಲು ಜಾಗ ಎಲ್ಲಿದೆ? ಸಮುದ್ರದ ಮಧ್ಯೆ ತಮ್ಮ ಕೈಯಲ್ಲೇ ಬದಲಿಸಬಲ್ಲ ಸಾಮಾನು ಹಡಗಿನಲ್ಲಿ ಇರುತ್ತದೆ: ಫಿಲ್ಟರ್, ಗ್ಯಾಸ್ಕೆಟ್, ಓ ರಿಂಗ್, ಫ್ಯೂಸ್, ಪಂಪಿನ ಬೇರಿಂಗ್, ರಿಲೇ, ಸರ್ಕ್ಯೂಟ್ ಕಾರ್ಡ್. ಪೂರ್ತಿ ಪಂಪು, ಮೋಟರು, ವಾಲ್ವಿನಂಥ ದೊಡ್ಡವು ದಡದ ಉಗ್ರಾಣದಲ್ಲಿರುತ್ತವೆ. ಪೂರ್ವ ಕರಾವಳಿಗೆ ವಿಶಾಖಪಟ್ಟಣದಲ್ಲೂ ಪಶ್ಚಿಮಕ್ಕೆ ಮುಂಬೈಯಲ್ಲೂ ನೌಕಾಪಡೆಯ ಮೆಟೀರಿಯಲ್ ಆರ್ಗನೈಸೇಶನ್‌ಗಳಿವೆ. ಇನ್ನೂ ದೊಡ್ಡ ಸಾಮಾನು, ಅಂದರೆ ಇಡೀ ಟರ್ಬೈನ್ ಅಥವಾ ಜನರೇಟರ್, ಡಾಕ್‌ಯಾರ್ಡ್ ಮಟ್ಟದ್ದು.

ಸೋವಿಯತ್ ಉಪಕರಣ ಬರುವ ರೀತಿಯೇ ಬೇರೆ. ಉಪಕರಣದ ಜೊತೆಗೇ ‘ಝಿಪ್’ ಅನ್ನುವ ಪೆಟ್ಟಿಗೆ ಬರುತ್ತದೆ. ಬಿಡಿಭಾಗ, ಹತಾರ, ಜೋಡಣೆ ಸಾಮಾನು ಮೂರೂ ಅದರಲ್ಲಿ ಇರುತ್ತವೆ. ಒಂದು ಪೆಟ್ಟಿಗೆ ತೆರೆದು ನೋಡಿದರೆ ಆ ಕಾಲದ ಯೋಚನೆ ಅರ್ಥವಾಗುತ್ತದೆ. ಒಳಗೆ ಅಚ್ಚುಕಟ್ಟಾದ ಗೂಡುಗಳು. ಪ್ರತಿ ಗೂಡಿನಲ್ಲಿ ಮೇಣದ ಕಾಗದದಲ್ಲಿ ಸುತ್ತಿದ ಒಂದು ಭಾಗ. ಕಾಗದ ಬಿಚ್ಚಿದರೆ ದಪ್ಪ ಕಂದು ಗ್ರೀಸು, ಅದನ್ನು ಒರೆಸಿದರೆ ತುಕ್ಕಿನ ಸುಳಿವೂ ಇಲ್ಲದ ಲೋಹ. ಜೊತೆಗೆ ರಷ್ಯನ್ ಭಾಷೆಯ ಪಟ್ಟಿ: ಯಾವ ಭಾಗ, ಎಷ್ಟು, ಯಾವ ನಂಬರು. ಆ ಉಪಕರಣಕ್ಕೆ ಮಾತ್ರ ಹೊಂದುವ ಸ್ಪ್ಯಾನರ್ ಕೂಡ ಅಲ್ಲೇ. ಉಪಕರಣ ಎಲ್ಲಿಗೆ ಹೋದರೂ ಅದರ ಸಂಸಾರವೂ ಜೊತೆಗೆ ಹೋಗಬೇಕು ಅನ್ನುವ ಲೆಕ್ಕ ಅದು. ಒಂದೆರಡು ವರ್ಷದ ಮಟ್ಟಿಗೆ ಇದು ಬಹಳ ಒಳ್ಳೆಯ ಏರ್ಪಾಡು. ತೊಂದರೆ ಬರುವುದು ಪೆಟ್ಟಿಗೆ ಖಾಲಿಯಾದ ಮೇಲೆ.

ಗೋಡೌನ್‌ನಲ್ಲಿ ಸುಮ್ನೆ ಇಟ್ಟ ಸಾಮಾನು ಹಾಳಾಗಲ್ಲ ಅಲ್ವಾ?

ಹಾಳಾಗುತ್ತದೆ. ರಬ್ಬರು ಬಳಸದೇ ಇದ್ದರೂ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದಕ್ಕೇ ಓ ರಿಂಗ್, ಹೋಸ್, ಸೀಲುಗಳಿಗೆ ಇಂತಿಷ್ಟೇ ವರ್ಷ ಅಂತ ಅವಧಿ ಇರುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಕೆಡುತ್ತದೆ. ಬೇರಿಂಗಿನ ಗ್ರೀಸು ಒಣಗುತ್ತದೆ. ವಿಶಾಖಪಟ್ಟಣ, ಮುಂಬೈಗಳ ತೇವದ ಉಪ್ಪುಗಾಳಿಗೆ ಪ್ಯಾಕಿಂಗ್ ಒಮ್ಮೆ ಹರಿದರೆ ಒಳಗಿನ ಲೋಹ ಉಳಿಯುವುದಿಲ್ಲ. ಹಾಗಾಗಿ ‘ಸ್ಟಾಕಿನಲ್ಲಿ ಇದೆ’ ಅನ್ನುವುದಕ್ಕೂ ‘ಹಡಗಿಗೆ ಹಾಕಬಹುದು’ ಅನ್ನುವುದಕ್ಕೂ ಬಹಳ ದೂರವಿದೆ. ಪ್ಯಾಕಿಂಗ್ ತೆರೆದು, ಪರೀಕ್ಷಿಸಿ, ಮತ್ತೆ ಗ್ರೀಸು ಹಚ್ಚಿ ಕಟ್ಟಿಡುವ ಕೆಲಸ ಉಗ್ರಾಣದವರದು. ಆ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಸೋವಿಯತ್ ಒಕ್ಕೂಟ ಒಡೆದಾಗ ಸ್ಪೇರ್‌ಗಳಿಗೆ ಏನಾಯ್ತು?

ಇಡೀ ಕಥೆಯ ತಿರುವು ಇದೇ. ಅದಕ್ಕೂ ಮೊದಲು ಇದ್ದದ್ದು ಒಂದೇ ದೇಶ, ಒಂದೇ ಬಾಗಿಲು. ಬೇಡಿಕೆ ಪಟ್ಟಿಯನ್ನು ಮಾಸ್ಕೋಗೆ ಕಳಿಸಿದರೆ ಸಾಕಿತ್ತು, ಯಾವ ಭಾಗ ಯಾವ ಕಾರ್ಖಾನೆಯದು ಅಂತ ತಿಳಿದುಕೊಳ್ಳುವ ಅಗತ್ಯ ನಮಗಿರಲಿಲ್ಲ. ಬರುವುದು ನಿಧಾನ, ಆದರೆ ಬರುತ್ತಿತ್ತು. ಲೆಕ್ಕ ರೂಪಾಯಿಯಲ್ಲಿ ನಡೆಯುತ್ತಿತ್ತು, ಡಾಲರ್ ಹೊಂದಿಸುವ ಚಿಂತೆ ಇರಲಿಲ್ಲ.

1991ರ ಡಿಸೆಂಬರಿನಲ್ಲಿ ಆ ದೇಶವೇ ಹೋಯಿತು. ಹಡಗು ಕಟ್ಟಿದ ಊರು, ಟರ್ಬೈನ್ ಮಾಡುವ ಕಾರ್ಖಾನೆ ಎರಡೂ ಉಕ್ರೇನಿಗೆ ಸೇರಿದವು. ಕ್ಷಿಪಣಿಗಳು ರಷ್ಯಾದ ಪಾಲಾದವು. ಸಣ್ಣ ಪುಟ್ಟ ಉಪಕರಣ ಮಾಡುವ ಕಾರ್ಖಾನೆಗಳು ಬೇರೆ ಬೇರೆ ಹೊಸ ದೇಶಗಳಲ್ಲಿ ಚದುರಿಹೋದವು. ಎಷ್ಟೋ ಕಡೆ ಆರ್ಡರ್ ಇಲ್ಲದೆ ಕೆಲಸ ನಿಂತಿತು, ನುರಿತ ಕೆಲಸಗಾರರು ಬಿಟ್ಟು ಹೋದರು. ಎಲ್ಲರೂ ಡಾಲರ್ ಕೇಳತೊಡಗಿದರು. ಅದೇ 1991ರಲ್ಲಿ ಭಾರತಕ್ಕೂ ವಿದೇಶಿ ವಿನಿಮಯದ ಬಿಕ್ಕಟ್ಟು ಇತ್ತು. ಹಳೆಯ ರೂಪಾಯಿ ರೂಬಲ್ ಸಾಲದ ಲೆಕ್ಕ ಒಂದು ದಾರಿಗೆ ಬಂದದ್ದು 1993ರಲ್ಲಿ, ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್‌ಸಿನ್ ದೆಹಲಿಗೆ ಬಂದಾಗ.

ಆಗ ರಣವಿಜಯ್ ಸೇವೆಗೆ ಬಂದು ಬರೀ ನಾಲ್ಕು ವರ್ಷ. ಐದೂ ಹಡಗುಗಳ ಮುಂದೆ ದಶಕಗಳ ಸೇವೆ ಇತ್ತು. ಒಂದು ಬಾಗಿಲು ಹೋಗಿ ನೂರು ಬಾಗಿಲಾಯಿತು, ಯಾವ ಬಾಗಿಲ ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲ. ಈ ಅಂತರದಲ್ಲೇ ದಲ್ಲಾಳಿಗಳು ಹುಟ್ಟಿಕೊಂಡರು. ಹಳೆಯ ಸೈನ್ಯದ ಉಗ್ರಾಣಗಳಿಂದ ಸಾಮಾನು ಎತ್ತಿ ಹೊಸದು ಅಂತ ಮಾರುವವರೂ ಇದ್ದರು. ಕಾಗದಪತ್ರವಿಲ್ಲದ ಬೇರಿಂಗನ್ನು ಟರ್ಬೈನಿಗೆ ಹಾಕುವುದು ಎಷ್ಟು ಅಪಾಯ ಅನ್ನುವುದು ಎಂಜಿನ್ ರೂಮಿನವರಿಗೆ ಚೆನ್ನಾಗಿ ಗೊತ್ತು.

ಅಷ್ಟು ಕಷ್ಟ ಇದ್ರೆ ನಮ್ಮಲ್ಲೇ ಮಾಡ್ಕೋಬಹುದಿತ್ತಲ್ವಾ?

ಬಹಳಷ್ಟನ್ನು ಮಾಡಿಕೊಂಡರು. ಪಂಪಿನ ಇಂಪೆಲ್ಲರ್, ವಾಲ್ವ್, ಸೀಲು, ಫಿಲ್ಟರ್, ಕೂಲರಿನ ಕೊಳವೆ, ಮೋಟರಿನ ವೈಂಡಿಂಗ್ ಇವೆಲ್ಲ ಭಾರತದ ಸಣ್ಣ ಕೈಗಾರಿಕೆಗಳ ಕೈಗೆ ಸಿಗುವಂಥವು. ಕ್ರಮ ಹೀಗೆ: ಹಳೆಯ ಭಾಗ ತೆಗೆದುಕೊಂಡು ಅಳತೆ ಮಾಡು, ಲೋಹ ಯಾವುದು ಅಂತ ಪರೀಕ್ಷಿಸು, ಡ್ರಾಯಿಂಗ್ ಬರೆ, ಒಂದು ಮಾದರಿ ಮಾಡಿ ಹಡಗಿನಲ್ಲಿ ಹಾಕಿ ನೋಡು. ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಭಾಗ ಆಗಲೇ ಸವೆದಿರುತ್ತದೆ. ಸವೆದ ಅಳತೆಯನ್ನೇ ನಕಲು ಮಾಡಿದರೆ ಹೊಸದೂ ಮೊದಲ ದಿನದಿಂದಲೇ ಸಡಿಲ. ಝಿಪ್ ಪೆಟ್ಟಿಗೆಯಲ್ಲಿ ಬಳಸದ ಒಂದು ಭಾಗ ಉಳಿದಿದ್ದರೆ ಅದು ಬಂಗಾರ.

ಇನ್ನೊಂದು ಕಷ್ಟ ಸಂಖ್ಯೆಯದು. ಒಂದು ವಿಶೇಷ ವಾಲ್ವ್ ಐದು ಹಡಗಿಗೆ ಸೇರಿ ವರ್ಷಕ್ಕೆ ಬೆರಳೆಣಿಕೆಯಷ್ಟು ಬೇಕು. ಅದಕ್ಕೋಸ್ಕರ ಅಚ್ಚು ಮಾಡಿ, ಪರೀಕ್ಷೆ ಮಾಡಿಸಿ, ಟೆಂಡರಿಗೆ ಕಾಯುವ ಉತ್ಸಾಹ ಯಾವ ಕಾರ್ಖಾನೆಗೆ ಇರುತ್ತದೆ ಹೇಳಿ? ಮುಂದೆ ಬಂದ ಕಾರ್ಖಾನೆಗಳ ಬಗ್ಗೆ ನನಗೆ ಬಹಳ ಗೌರವವಿದೆ.

ಟರ್ಬೈನಿನ ಬಿಸಿ ಭಾಗದ ಬ್ಲೇಡು ಮಾತ್ರ ಬೇರೆಯೇ ಮಟ್ಟದ್ದು. ಅದು ನಿಕಲ್ ಆಧಾರದ ಮಿಶ್ರಲೋಹ. ಕೆಂಪಗೆ ಕಾದ ಸ್ಥಿತಿಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು, ಆದರೂ ಹಿಗ್ಗಬಾರದು. ಆಕಾರ ನಕಲು ಮಾಡಬಹುದು. ಎರಕ ಹೊಯ್ಯುವ ವಿದ್ಯೆ ಆಕಾರ ನೋಡಿದರೆ ಸಿಗುವುದಿಲ್ಲ.

ಬೆಂಗಳೂರಿನ ಕಾವೇರಿ ಎಂಜಿನ್‌ಗೂ ಈ ಹಡಗಿಗೂ ಸಂಬಂಧ ಇದೆ ಅಂತಾರೆ?

ಇದೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಯುದ್ಧವಿಮಾನಕ್ಕಾಗಿ ಕಾವೇರಿ ಎಂಜಿನ್ ಮಾಡುತ್ತಿತ್ತು. ಅದರ ‘ಕಬಿನಿ’ ಅನ್ನುವ ತಿರುಳಿನ ಭಾಗವನ್ನೇ ಇಟ್ಟುಕೊಂಡು ಹಡಗಿಗೆ ಒಗ್ಗುವ ಕಾವೇರಿ ಮರೀನ್ ಗ್ಯಾಸ್ ಟರ್ಬೈನ್ ಮಾಡಿದರು. ವಿಶಾಖಪಟ್ಟಣದ ನೇವಲ್ ಡಾಕ್‌ಯಾರ್ಡಿನ ಪರೀಕ್ಷಾ ಕೇಂದ್ರದಲ್ಲಿ ಅದು 12 ಮೆಗಾವ್ಯಾಟ್, ಅಂದರೆ ಸುಮಾರು 16,000 ಅಶ್ವಶಕ್ತಿ ಕೊಟ್ಟು ತೋರಿಸಿತು. ರಜಪೂತ್ ವರ್ಗದ ಹಡಗಿನಲ್ಲಿ ಒಂದು ಟರ್ಬೈನ್ ಕೊಡಬೇಕಾದ ಶಕ್ತಿಗೆ ಹತ್ತಿರದ್ದು ಅದು. ಆದರೆ ಟರ್ಬೈನ್ ಹಡಗಿಗೆ ಏರಲಿಲ್ಲ. ಪರೀಕ್ಷಾ ಕಟ್ಟೆಯ ಮೇಲೆ ಶಕ್ತಿ ಕೊಡುವುದಕ್ಕೂ ವರ್ಷಗಟ್ಟಲೆ ಉಪ್ಪುಗಾಳಿ ಕುಡಿದು ನಿಲ್ಲುವುದಕ್ಕೂ ನಡುವೆ ಉದ್ದದ ದಾರಿ ಇದೆ. ಅಷ್ಟು ಹೊತ್ತಿಗೆ ಈ ಹಡಗುಗಳ ಪ್ರಾಯವೂ ಜಾರಿತ್ತು. ಹಾಗಂತ ಆ ಕೆಲಸ ವ್ಯರ್ಥ ಅಂತ ನಾನು ಒಪ್ಪುವುದಿಲ್ಲ. ಸಮುದ್ರಕ್ಕೆ ಬೇಕಾದ ಟರ್ಬೈನನ್ನು ಇಲ್ಲೇ ಯೋಚಿಸಿ ಮಾಡಿದ್ದರಿಂದ ಬಂದ ಅನುಭವವನ್ನು ಯಾವ ಟೆಂಡರಿನಲ್ಲೂ ಕೊಳ್ಳಲಾಗುವುದಿಲ್ಲ.

ಬ್ರಿಟಿಷ್ ವಿನ್ಯಾಸದ ಹಡಗುಗಳ ಸಾಮಾನನ್ನೇ ಇದಕ್ಕೆ ಹಾಕೋಕೆ ಆಗಲ್ವಾ?

ಬಹಳ ಮಟ್ಟಿಗೆ ಆಗುವುದಿಲ್ಲ. ಬ್ರಿಟಿಷ್ ಮೂಲದ ಲಿಯಾಂಡರ್ ಜಾತಿಯ ಹಡಗುಗಳಲ್ಲಿ ಕರೆಂಟು 440 ವೋಲ್ಟ್, 60 ಹರ್ಟ್ಸ್. ಸೋವಿಯತ್ ಹಡಗುಗಳಲ್ಲಿ 380 ವೋಲ್ಟ್, 50 ಹರ್ಟ್ಸ್. ಅಲ್ಲಿಗೆ ಮೋಟರು, ಸ್ಟಾರ್ಟರ್, ಟ್ರಾನ್ಸ್‌ಫಾರ್ಮರ್ ಎಲ್ಲ ಬೇರೆ ಬೇರೆಯಾದವು. ಬೋಲ್ಟ್, ಫ್ಲ್ಯಾಂಜ್, ಪೈಪಿನ ಅಳತೆಗಳೂ ರಷ್ಯನ್ ಮಾನದಂಡದವು. ಹೀಗಾಗಿ ಒಂದೇ ನೌಕಾಪಡೆಗೆ ಎರಡು ಬಗೆಯ ಉಗ್ರಾಣ, ಎರಡು ಬಗೆಯ ತರಬೇತಿ ಬೇಕಾಯಿತು.

ಒಂದು ಹಡಗಿಂದ ಬಿಚ್ಚಿ ಇನ್ನೊಂದಕ್ಕೆ ಹಾಕ್ತಾರಂತೆ, ನಿಜಾನಾ?

ನಿಜ, ಜಗತ್ತಿನ ಎಲ್ಲ ನೌಕಾಪಡೆಗಳೂ ಮಾಡುತ್ತವೆ. ನಾಳೆ ಹೊರಡಬೇಕಾದ ಹಡಗಿಗೆ ಒಂದು ಪಂಪು ಬೇಕು, ಉಗ್ರಾಣದಲ್ಲಿ ಇಲ್ಲ. ಪಕ್ಕದಲ್ಲೇ ಅದೇ ವರ್ಗದ ಇನ್ನೊಂದು ಹಡಗು ದೊಡ್ಡ ದುರಸ್ತಿಗೆ ನಿಂತಿದೆ. ಅದರ ಪಂಪು ಬಿಚ್ಚಿ ಇದಕ್ಕೆ ಹಾಕುತ್ತಾರೆ.

ಅಪರೂಪಕ್ಕೊಮ್ಮೆ ಆದರೆ ಇದು ಜಾಣತನ. ರೂಢಿಯಾದರೆ ರೋಗ. ಒಂದು ಸಲದ ಕೆಲಸ ಎರಡು ಸಲವಾಗುತ್ತದೆ: ಅಲ್ಲಿ ಬಿಚ್ಚಬೇಕು, ಇಲ್ಲಿ ಕಟ್ಟಬೇಕು, ಹೊಸದು ಬಂದಾಗ ಅಲ್ಲಿ ಮತ್ತೆ ಕಟ್ಟಬೇಕು. ಬಿಚ್ಚುವಾಗ ಚೆನ್ನಾಗಿದ್ದ ಸೀಲು, ಪೈಪಿಗೂ ಪೆಟ್ಟು ಬೀಳಬಹುದು. ಇದಕ್ಕಿಂತ ದೊಡ್ಡ ನಷ್ಟ ದಾಖಲೆಯದು. ಯಾವ ಪಂಪು ಎಷ್ಟು ಗಂಟೆ ಓಡಿದೆ ಅನ್ನುವುದು ತಪ್ಪಿಹೋದರೆ ಅದರ ಮುಂದಿನ ಓವರ್‌ಹಾಲ್ (ಪೂರ್ತಿ ಬಿಚ್ಚಿ ಮಾಡುವ ದುರಸ್ತಿ) ಯಾವಾಗ ಅಂತ ಯಾರೂ ಹೇಳಲಾರರು.

## ದುರಸ್ತಿ ಮತ್ತು ಸೇವಾ ದಾಖಲೆ

ಟರ್ಬೈನ್ ಕೆಟ್ಟರೆ ಎಂಜಿನ್ ರೂಮಲ್ಲೇ ರಿಪೇರಿ ಮಾಡ್ತಾರಾ?

ಸಣ್ಣ ಕೆಲಸ ಅಲ್ಲೇ ಆಗುತ್ತದೆ. ಕ್ಯಾಮೆರಾ ಇರುವ ತೆಳ್ಳಗಿನ ಬೋರೋಸ್ಕೋಪನ್ನು ಒಳಗೆ ಬಿಟ್ಟು ಬ್ಲೇಡಿನ ಅಂಚು ಕಿತ್ತಿದೆಯಾ, ಬಿರುಕಿದೆಯಾ ಅಂತ ನೋಡುತ್ತಾರೆ. ಕಂಪ್ರೆಸರಿಗೆ ಸಿಹಿನೀರಿನ ಸ್ನಾನ ಮಾಡಿಸುತ್ತಾರೆ. ಇದು ಸುಮ್ನೆ ಶುಚಿತ್ವಕ್ಕಲ್ಲ. ಗಾಳಿಯ ಜೊತೆ ಬರುವ ಉಪ್ಪು, ಎಣ್ಣೆಯಲ್ಲಿರುವ ಗಂಧಕ ಎರಡೂ ಸೇರಿ ಬಿಸಿ ಬ್ಲೇಡಿನ ಮೇಲೆ ಸೋಡಿಯಂ ಸಲ್ಫೇಟಿನ ಪದರ ಕಟ್ಟುತ್ತದೆ. ಅದು ಲೋಹವನ್ನು ತಿನ್ನುತ್ತದೆ. ತೊಳೆಯುವುದನ್ನು ತಪ್ಪಿಸಿದರೆ ಎಂಜಿನ್ ಕೂಡಲೇ ನಿಲ್ಲುವುದಿಲ್ಲ, ಆಯಸ್ಸು ಕಡಿಮೆಯಾಗುತ್ತದೆ.

ನಿಗದಿತ ಗಂಟೆಗಳು ಮುಗಿದಾಗ ಇಡೀ ಟರ್ಬೈನನ್ನೇ ಮೇಲಕ್ಕೆ ಎತ್ತಿ ಹೊರತೆಗೆದು ಓವರ್‌ಹಾಲ್ ಆದ ಇನ್ನೊಂದನ್ನು ಇಳಿಸುತ್ತಾರೆ. ತೆಗೆದದ್ದು ಬಿಚ್ಚಿ ಜೋಡಿಸಲು ಹೋಗುತ್ತದೆ. ಮೊದಲು ಇದಕ್ಕೆ ಮೂಲ ಕಾರ್ಖಾನೆಯನ್ನೇ ನೆಚ್ಚಬೇಕಿತ್ತು. ಈಗ ವಿಶಾಖಪಟ್ಟಣದಲ್ಲಿ ‘ಐಎನ್‌ಎಸ್ ಏಕ್ಷಿಲಾ’ ಹೆಸರಿನ ಮರೀನ್ ಗ್ಯಾಸ್ ಟರ್ಬೈನ್ ಓವರ್‌ಹಾಲ್ ಕೇಂದ್ರವಿದೆ. ಹೆಸರು ಹಡಗಿನಂತಿದ್ದರೂ ಅದು ದಡದ ಮೇಲಿನ ಕಾರ್ಯಾಗಾರ. ಈ ಐದು ಹಡಗುಗಳ ದೀರ್ಘಾಯುಷ್ಯಕ್ಕೆ ಕಾರಣವಾದ ಒಂದೇ ಒಂದು ಸಂಸ್ಥೆಯನ್ನು ಹೆಸರಿಸು ಅಂದರೆ ನಾನು ಇದನ್ನೇ ಹೇಳುತ್ತೇನೆ. ಎಂಜಿನ್ ಬಿಚ್ಚುವ ಧೈರ್ಯ, ಅದನ್ನು ಪರೀಕ್ಷಿಸುವ ಕಟ್ಟೆ, ನುರಿತ ಕೈಗಳು ಎಲ್ಲ ಒಂದೇ ಕಡೆ ಸೇರಿದ್ದು ಅಲ್ಲಿ.

ಸೇವಾ ಇತಿಹಾಸ ಅಂದ್ರೆ ಹಡಗು ಎಲ್ಲೆಲ್ಲಿ ಹೋಯ್ತು ಅಂತ ಅಷ್ಟೇನಾ?

ಹೊರಗಿನವರಿಗೆ ಅಷ್ಟೇ. ಒಳಗಿನವರಿಗೆ ಹಾಗಲ್ಲ. ಸೋವಿಯತ್ ಉಪಕರಣಕ್ಕೆ ‘ಫಾರ್ಮುಲ್ಯಾರ್’ ಅನ್ನುವ ಪುಸ್ತಕ ಇರುತ್ತದೆ, ಸಣ್ಣದಕ್ಕೆ ‘ಪಾಸ್‌ಪೋರ್ಟ್’. ಕಾರ್ಖಾನೆ ಬಿಟ್ಟ ದಿನ, ಸೀರಿಯಲ್ ನಂಬರು, ಓಡಿದ ಗಂಟೆಗಳು, ಎಷ್ಟು ಸಲ ಚಾಲೂ ಮಾಡಿದರು, ಯಾವ ಭಾಗ ಬದಲಿಸಿದರು, ಯಾರು ಸಹಿ ಹಾಕಿದರು ಎಲ್ಲವೂ ಅದರಲ್ಲಿ ದಾಖಲು. ಟರ್ಬೈನಿಗೆ ಚಾಲೂ ಮಾಡಿದ ಸಂಖ್ಯೆಯೂ ಮುಖ್ಯ, ಯಾಕಂದರೆ ಪ್ರತಿ ಸಲ ತಣ್ಣಗಿನಿಂದ ಬಿಸಿಗೆ ಹೋಗಿ ಬರುವಾಗ ಲೋಹ ಸ್ವಲ್ಪ ದಣಿಯುತ್ತದೆ. ಉಪಕರಣ ಬೇರೆ ಹಡಗಿಗೆ ಹೋದರೆ ಪುಸ್ತಕವೂ ಜೊತೆಗೆ ಹೋಗಬೇಕು. ಪುಸ್ತಕ ಕಳೆದುಹೋದ ಟರ್ಬೈನನ್ನು ಯಾರೂ ನಂಬುವುದಿಲ್ಲ, ಅದು ಎಷ್ಟೇ ಚೆನ್ನಾಗಿ ಓಡುತ್ತಿರಲಿ.

ರಿಫಿಟ್‌ಗೆ ಹೋದ ಹಡಗು ತಿಂಗಳುಗಟ್ಟಲೆ ಬರೋದೇ ಇಲ್ಲ, ಯಾಕೆ?

ರಿಫಿಟ್ ಅಂದರೆ ಡಾಕ್‌ಯಾರ್ಡಿನಲ್ಲಿ ನಡೆಯುವ ದೊಡ್ಡ ದುರಸ್ತಿ. ಹೊರಗಿನಿಂದ ಬಣ್ಣ ಬಳಿದಂತೆ ಕಾಣುತ್ತದೆ, ಕೆಲಸ ಇರುವುದು ಒಳಗೆ. ಡ್ರೈ ಡಾಕಿನಲ್ಲಿ ನೀರು ಖಾಲಿ ಮಾಡಿದ ಮೇಲೆ ಹಲ್‌ನ, ಅಂದರೆ ಹಡಗಿನ ಹೊರಮೈಯ, ತಗಡು ಎಷ್ಟು ದಪ್ಪ ಉಳಿದಿದೆ ಅಂತ ಅಲ್ಟ್ರಾಸೌಂಡಿನಿಂದ ಇಂಚಿಂಚಾಗಿ ನೋಡುತ್ತಾರೆ. ತೆಳ್ಳಗಾದ ಕಡೆ ಕತ್ತರಿಸಿ ಹೊಸ ತಗಡು ಬೆಸೆಯುತ್ತಾರೆ. ಶಾಫ್ಟ್, ಪ್ರೊಪೆಲರ್, ಚುಕ್ಕಾಣಿ, ಸಮುದ್ರದ ನೀರಿನ ವಾಲ್ವುಗಳೆಲ್ಲ ಹೊರಬರುತ್ತವೆ.

ಈ ವರ್ಗಕ್ಕೆ ಒಂದು ವಿಶೇಷ ಕಾಟವಿದೆ. ಹಲ್ ಉಕ್ಕಿನದು, ಮೇಲಿನ ಕಟ್ಟಡ ಅಲ್ಯೂಮಿನಿಯಂ ಮೆಗ್ನೀಸಿಯಂ ಮಿಶ್ರಲೋಹದ್ದು. ಮೇಲ್ಭಾಗ ಹಗುರವಾದರೆ ಹಡಗು ಸ್ಥಿರ, ಆ ಲೆಕ್ಕ ಸರಿ. ಆದರೆ ಎರಡು ಲೋಹ ಸೇರುವ ಅಂಚಿಗೆ ಉಪ್ಪುನೀರು ಇಳಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಅಲೆಗಳಿಗೆ ಹಡಗು ಬಾಗಿ ಏಳುವಾಗ ಅದೇ ಮೂಲೆಗಳಲ್ಲಿ ಬಿರುಕು. ಅಲ್ಯೂಮಿನಿಯಂ ಬೆಸುಗೆಗೆ ಬೇರೆ ಕೈಚಳಕ ಬೇಕು.

ತಡವಾಗಲು ನಿಜವಾದ ಕಾರಣ ಒಂದೇ. ಉಪಕರಣ ಬಿಚ್ಚುವ ತನಕ ಒಳಗೆ ಏನು ಸವೆದಿದೆ ಅಂತ ಗೊತ್ತಾಗುವುದಿಲ್ಲ. ಬಿಚ್ಚಿದ ಮೇಲೆ ಆರ್ಡರ್ ಹಾಕಿದರೆ ಭಾಗ ಬರಲು ರಿಫಿಟ್ ಅವಧಿಗಿಂತ ಜಾಸ್ತಿ ಸಮಯ ಬೇಕು. ಆದ್ದರಿಂದ ಹಿಂದಿನ ದಾಖಲೆ ನೋಡಿ ವರ್ಷಗಳ ಮೊದಲೇ ಅಂದಾಜು ಪಟ್ಟಿ ಹಾಕಬೇಕು. ಫಾರ್ಮುಲ್ಯಾರ್ ಸರಿಯಾಗಿ ಬರೆದ ಹಡಗಿನ ರಿಫಿಟ್ ಬೇಗ ಮುಗಿಯುವುದು ಇದಕ್ಕೇ.

ಇಷ್ಟು ಹಳೇ ಹಡಗಿಗೆ ಬ್ರಹ್ಮೋಸ್ ಹಾಕಿದ್ದು ಹೇಗೆ?

ರಜಪೂತಿನ ಬದಿಗಳಲ್ಲಿ ಹಳೆಯ ಪಿ-15 ಜಾತಿಯ ಕ್ಷಿಪಣಿಗಳ ಗೂಡುಗಳಿದ್ದವು. ಅವುಗಳಲ್ಲಿ ಎರಡನ್ನು ತೆಗೆದು ಬ್ರಹ್ಮೋಸಿನ ಓರೆಯಾದ ಜೋಡಿ ಲಾಂಚರ್ ಕೂರಿಸಿದರು. 2003ರಲ್ಲಿ ರಜಪೂತ್ ಬ್ರಹ್ಮೋಸ್ ಹಾರಿಸಿತು. ರಣವೀರ್‌ನಲ್ಲಿ ಇನ್ನೂ ಮುಂದೆ ಹೋದರು: ಹಿಂದಿನ ವಿಮಾನ ನಾಶಕ ಕ್ಷಿಪಣಿಯ ಲಾಂಚರ್ ತೆಗೆದು ಆ ಜಾಗದಲ್ಲಿ ನೆಟ್ಟಗೆ ಹಾರುವ ಬ್ರಹ್ಮೋಸಿನ ಕೋಶಗಳನ್ನು ಇಟ್ಟರು. 2008ರ ಡಿಸೆಂಬರ್ 18ರಂದು ಅಲ್ಲಿಂದ ಮೊದಲ ನೆಟ್ಟಗಿನ ಉಡಾವಣೆ ಆಯಿತು.

ಬಿಡಿಭಾಗದ ಕಣ್ಣಿನಿಂದ ನೋಡಿದರೆ ಇದರಲ್ಲಿ ಎರಡನೇ ಲಾಭವೂ ಇದೆ. ಹಳೆಯ ವ್ಯಾಕ್ಯೂಮ್ ಟ್ಯೂಬ್ ಕಾಲದ ವ್ಯವಸ್ಥೆ ಒಂದು ಹೋದರೆ ಅದಕ್ಕೆ ಸ್ಪೇರ್ ಹುಡುಕುವ ಕೆಲಸವೂ ಹೋಗುತ್ತದೆ. ಬಿಚ್ಚಿದ ಲಾಂಚರಿನ ಭಾಗಗಳು ಅದೇ ವ್ಯವಸ್ಥೆ ಉಳಿದಿರುವ ಕಡೆಗೆ ಒದಗಬಹುದು. ಹೊಸ ಆಯುಧ ಅಂತ ಸುದ್ದಿ ಬಂದಾಗ ಏನು ಬಂತು ಅಂತ ಎಲ್ಲರೂ ನೋಡುತ್ತಾರೆ. ಏನು ಹೋಯಿತು ಅಂತಲೂ ನೋಡಬೇಕು.

2022ರ ರಣವೀರ್ ಅಪಘಾತಕ್ಕೆ ಹಡಗು ಹಳೇದಾಗಿದ್ದೇ ಕಾರಣಾನಾ?

2022ರ ಜನವರಿ 18ರಂದು ಮುಂಬೈ ನೇವಲ್ ಡಾಕ್‌ಯಾರ್ಡಿನಲ್ಲಿ ನಿಂತಿದ್ದ ರಣವೀರ್‌ನ ಒಳಗಿನ ಒಂದು ಕಂಪಾರ್ಟ್‌ಮೆಂಟಿನಲ್ಲಿ ಸ್ಫೋಟವಾಗಿ ಮೂವರು ನಾವಿಕರು ತೀರಿಕೊಂಡರು. ಹಲವರಿಗೆ ಗಾಯವಾಯಿತು. ಆ ಮೂವರ ಸಾವನ್ನು ‘ಹಳೇ ಹಡಗು’ ಅನ್ನುವ ಎರಡು ಪದಗಳಲ್ಲಿ ಮುಗಿಸಬಾರದು. ಇದೇ ಕಾಶಿನ್ ವರ್ಗದ ಸೋವಿಯತ್ ಹಡಗು ‘ಒತ್ವಾಝ್ನಿ’ 1974ರ ಆಗಸ್ಟ್ 30ರಂದು ಕಪ್ಪು ಸಮುದ್ರದಲ್ಲಿ ಸ್ಫೋಟವಾಗಿ ಮುಳುಗಿದಾಗ ಅದಕ್ಕೆ ಹತ್ತು ವರ್ಷವೂ ಆಗಿರಲಿಲ್ಲ. ಎಣ್ಣೆ, ಮದ್ದುಗುಂಡು, ಅನಿಲ, ಕರೆಂಟು ಎಲ್ಲ ಒಂದೇ ಉಕ್ಕಿನ ಡಬ್ಬಿಯೊಳಗೆ ಇರುವ ಕಡೆ ಹೊಸ ಹಡಗಿಗೂ ಅಪಾಯವಿದೆ. ವಯಸ್ಸಾದಷ್ಟೂ ಕೇಬಲ್, ಸೀಲು, ಪೈಪುಗಳ ಮೇಲೆ ಜಾಸ್ತಿ ನಿಗಾ ಬೇಕು ಅನ್ನುವುದು ಮಾತ್ರ ನಿಜ.

ನಿವೃತ್ತಿ ಮಾಡೋದು ಹಡಗು ತೇಲೋಕೆ ಆಗದಿದ್ದಾಗಾ?

ತೇಲುವ ಸಾಮರ್ಥ್ಯ ಇರುವಾಗಲೇ ಮಾಡುತ್ತಾರೆ. ಒಂದು ವರ್ಷ ಓಡಿಸಲು ಬೇಕಾಗುವ ದುರಸ್ತಿ, ಸ್ಪೇರ್, ಡಾಕಿನ ಸಮಯ, ಜನ ಇವೆಲ್ಲ ಆ ಹಡಗಿನಿಂದ ಸಿಗುವ ಉಪಯೋಗವನ್ನು ಮೀರಿದಾಗ ನಿರ್ಧಾರವಾಗುತ್ತದೆ. ರಂಜಿತ್ 2019ರ ಮೇ 6ರಂದು ನಿವೃತ್ತವಾಯಿತು. ರಜಪೂತ್ 2021ರ ಮೇ 21ರಂದು, ಕೋವಿಡ್ ಕಾಲದಲ್ಲಿ, ವಿಶಾಖಪಟ್ಟಣದಲ್ಲಿ. ಸೂರ್ಯಾಸ್ತಕ್ಕೆ ಅದರ ಧ್ವಜ ಇಳಿಸಿದಾಗ ಅದು 41 ವರ್ಷ ಸೇವೆ ಮಾಡಿ 7,87,194 ನಾಟಿಕಲ್ ಮೈಲಿ ಸಾಗಿತ್ತು. 31 ಮಂದಿ ಕಮಾಂಡಿಂಗ್ ಆಫೀಸರುಗಳನ್ನು ಕಂಡಿತ್ತು. ಹೋಲಿಕೆಗೆ ನೋಡಿ: ಪೋಲೆಂಡ್ ಕೂಡ ಒಂದು ಕಾಶಿನ್ ತೆಗೆದುಕೊಂಡು ‘ವಾರ್‌ಶಾವಾ’ ಅಂತ ಹೆಸರಿಟ್ಟಿತ್ತು. ಅದರ ಪೋಲಿಷ್ ಸೇವೆ 1988ರಿಂದ 2003ರವರೆಗೆ, ಅಂದರೆ 15 ವರ್ಷ.

ಒಂದು ಹಡಗು ನಿವೃತ್ತವಾದರೆ ಉಳಿದವುಗಳಿಗೆ ಅದು ದೊಡ್ಡ ಉಗ್ರಾಣ. ಇನ್ನೂ ಗಂಟೆಗಳು ಉಳಿದಿರುವ ಪಂಪು, ಜನರೇಟರ್, ವಾಲ್ವ್‌ಗಳನ್ನು ಪಟ್ಟಿ ಮಾಡಿ, ಪರೀಕ್ಷಿಸಿ, ಅವುಗಳ ಪುಸ್ತಕದ ಸಮೇತ ತೆಗೆದಿಡಬಹುದು.

ಹೊಸ ಹಡಗುಗಳಿಗೆ ಈ ತಾಪತ್ರಯ ಇಲ್ಲ ಅಲ್ವಾ?

ಇದೆ. ಡೆಲ್ಲಿ, ಕೋಲ್ಕತಾ, ವಿಶಾಖಪಟ್ಟಣಂ ವರ್ಗದ ಡೆಸ್ಟ್ರಾಯರುಗಳು ಮುಂಬೈಯ ಮಝಗಾಂವ್ ಡಾಕಿನಲ್ಲಿ ಕಟ್ಟಿದವು, ಆದರೆ ಅವುಗಳ ಟರ್ಬೈನ್ ಬಂದದ್ದು ಅದೇ ಮಿಕೊಲಾಯಿವ್ ಊರಿನ ಜೋರ್ಯಾ ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯಿಂದ. 2014ರ ನಂತರ ಉಕ್ರೇನ್ ರಷ್ಯಾಕ್ಕೆ ಯುದ್ಧನೌಕೆಯ ಟರ್ಬೈನ್ ಕೊಡುವುದನ್ನು ನಿಲ್ಲಿಸಿತು. ರಷ್ಯಾದಲ್ಲಿ ಕಟ್ಟಿದ ತುಶಿಲ್, ತಮಾಲ್ ಫ್ರಿಗೇಟುಗಳಿಗೆ ಭಾರತವೇ ಉಕ್ರೇನಿನಿಂದ ಟರ್ಬೈನ್ ಕೊಂಡು ಒದಗಿಸಬೇಕಾಯಿತು. 2022ರಲ್ಲಿ ಯುದ್ಧ ಶುರುವಾಗಿ ಆ ಊರಿನ ಮೇಲೇ ದಾಳಿಗಳಾದವು. ಶಿವಾಲಿಕ್ ವರ್ಗದ ಫ್ರಿಗೇಟುಗಳು ಮತ್ತು ವಿಮಾನವಾಹಕ ನೌಕೆ ವಿಕ್ರಾಂತ್ ಅಮೆರಿಕನ್ ಎಲ್‌ಎಂ2500 ಟರ್ಬೈನ್ ಬಳಸುತ್ತವೆ. ಅದರ ಕೆಲಸ ಬೆಂಗಳೂರಿನ ಎಚ್‌ಎಎಲ್‌ನ ಒಂದು ವಿಭಾಗದಲ್ಲಿ ನಡೆಯುತ್ತದೆ. ಒಂದೇ ಊರಿನ ಮೇಲಿನ ಅವಲಂಬನೆ ಅಷ್ಟರ ಮಟ್ಟಿಗೆ ತಗ್ಗಿದೆ.

ಒಂದು ಹಡಗಿನ ಸೇವಾ ಇತಿಹಾಸ ನಾನೇ ಬರೀಬೇಕು, ಹೇಗೆ ಶುರು ಮಾಡಲಿ?

ಮೊದಲು ದಿನಾಂಕಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಡಿ: ಕೀಲ್ (ಹಡಗಿನ ತಳದ ಬೆನ್ನೆಲುಬು) ಇಟ್ಟದ್ದು, ನೀರಿಗಿಳಿಸಿದ್ದು, ಸೇವೆಗೆ ಸೇರಿದ್ದು, ನಿವೃತ್ತಿ. ಇವುಗಳನ್ನು ಕಲಸಿದ್ದರಿಂದಲೇ ಬಹಳಷ್ಟು ಬರಹಗಳು ಕೆಟ್ಟಿವೆ. ನಿವೃತ್ತಿಯ ದಿನ ಸರ್ಕಾರ ಹೊರಡಿಸುವ ಪ್ರಕಟಣೆಯಲ್ಲಿ ಹಡಗಿನ ಒಳ್ಳೆಯ ಸಾರಾಂಶ ಇರುತ್ತದೆ. ರಿಫಿಟ್, ಸ್ಪೇರ್ ಖರೀದಿಯ ಬಗ್ಗೆ ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಗಳನ್ನು ಓದಿ. ಒಣ ಓದು, ಆದರೆ ಬೇರೆಲ್ಲೂ ಸಿಗದ ವಿವರಗಳಿರುತ್ತವೆ. ನೌಕಾಪಡೆಯ ಅಧಿಕೃತ ಇತಿಹಾಸದ ಸಂಪುಟಗಳೂ ಇವೆ. ರಜಪೂತಿನ ಮೊದಲ ಕಮಾಂಡಿಂಗ್ ಆಫೀಸರ್ ಗುಲಾಬ್ ಮೋಹನ್‌ಲಾಲ್ ಹಿರಾನಂದಾನಿ ಮುಂದೆ ವೈಸ್ ಅಡ್ಮಿರಲ್ ಆಗಿ, ನಿವೃತ್ತಿಯ ನಂತರ ಆ ಇತಿಹಾಸವನ್ನು ಬರೆದರು. ಹಾಗಾಗಿ ಸೋವಿಯತ್ ಹಡಗುಗಳು ಬಂದ ಕಾಲದ ಅಧ್ಯಾಯಗಳನ್ನು ನಿಧಾನವಾಗಿ ಓದಿ. ಫೋಟೊಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಕೊಂಡು ಹಿಂಭಾಗದ ಲಾಂಚರ್, ಬದಿಯ ಕ್ಷಿಪಣಿ ಗೂಡು, ಮಾಸ್ಟಿನ ರೇಡಾರ್ ಈ ಮೂರನ್ನು ಗಮನಿಸಿದರೆ ಯಾವ ರಿಫಿಟ್‌ನಲ್ಲಿ ಏನು ಬದಲಾಯಿತು ಅಂತ ನೀವೇ ಕಂಡುಕೊಳ್ಳಬಹುದು.